ಹಗ್ಗ ಎಳೆದರೂ ಏಳದ ಜನರೇಟರ್: ಮನೆಯಲ್ಲೇ ದೋಷ ಹುಡುಕುವ ಬಗೆ

ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಬಿರುಗಾಳಿ ಎದ್ದರೆ ಕರೆಂಟ್ ಹೋಯಿತೆಂದೇ ಲೆಕ್ಕ. ಖಾನಾಪುರ, ಬೆಳಗಾವಿ ಕಡೆ ಜುಲೈ ಮಳೆಗೆ ಮರ ಬಿದ್ದು ತಂತಿ ಹರಿದರೆ ರಾತ್ರಿಯಿಡೀ ಕತ್ತಲು. ಆಗ ಮೂಲೆಯಲ್ಲಿದ್ದ ಜನರೇಟರ್ ನೆನಪಾಗುತ್ತದೆ. ತಿಂಗಳುಗಟ್ಟಲೆ ಸುಮ್ನೆ ಕೂತಿದ್ದ ಮಷಿನ್ ಅವತ್ತೇ ಕೈಕೊಡುತ್ತದೆ.

ಮನೆ ಜನರೇಟರ್‌ನ ಬಹುಪಾಲು ತೊಂದರೆಗಳಿಗೆ ಕಾರಣ ಸಣ್ಣದು. ಹಳೆಯ ಪೆಟ್ರೋಲ್, ಧೂಳು, ಕಡಿಮೆ ಆಯಿಲ್, ಇಲ್ಲವೇ ಮಷಿನ್ ತಾಕತ್ತಿಗೆ ಮೀರಿದ ಲೋಡ್. ಇವನ್ನು ನೀವೇ ಹುಡುಕಬಹುದು. ಆದರೆ ಮೊದಲೇ ಒಂದು ಗೆರೆ ಹಾಕಿಕೊಳ್ಳಿ. ಪೆಟ್ರೋಲ್, ಗಾಳಿ, ಆಯಿಲ್, ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಇವೆಲ್ಲ ಇಂಜಿನ್ ಬದಿ. ಇದಕ್ಕೆ ನೀವು ಕೈ ಹಾಕಬಹುದು. ವೈಂಡಿಂಗ್, ಕೆಪಾಸಿಟರ್, ಒಳಗಿನ ವೈರಿಂಗ್ ಇವು ಕರೆಂಟ್ ಬದಿ. ಇಲ್ಲಿ ಹೊರಗಿನ ಸ್ವಿಚ್ಚು, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ನೋಡುವುದು ಮಾತ್ರ ನಿಮ್ಮ ಕೆಲಸ. ಮುಚ್ಚಳ ಬಿಚ್ಚುವುದು ಎಲೆಕ್ಟ್ರಿಷಿಯನ್ ಅಥವಾ ಮೋಟರ್ ವೈಂಡಿಂಗ್ ಮಾಡುವವರ ಕೆಲಸ.

ಈ ಬರಹ ಮುಖ್ಯವಾಗಿ 1ರಿಂದ 5 ಕೆವಿಎವರೆಗಿನ (ಕೆವಿಎ ಎಂದರೆ ಜನರೇಟರ್ ತಾಕತ್ತಿನ ಅಳತೆ) ಪೆಟ್ರೋಲ್ ಜನರೇಟರ್ ಬಗ್ಗೆ. ಡೀಸೆಲ್ ಮಷಿನ್‌ಗೆ ಬೇಕಾದ ಒಂದೆರಡು ಮಾತು ಕೊನೆಯ ಕಡೆ ಇದೆ.

ಕೈ ಹಾಕುವ ಮೊದಲು

ಮೊದಲು ಹೊರಗೆ ಬಂದು ನೋಡಿ. ಅಕ್ಕಪಕ್ಕದ ಮನೆಗಳಲ್ಲಿ ಲೈಟ್ ಇದೆಯಾ? ಇದ್ದರೆ ತೊಂದರೆ ನಿಮ್ಮ ಮೇನ್ ಸ್ವಿಚ್‌ನಲ್ಲೋ ಕಂಬದಿಂದ ಬರುವ ವೈರಿನಲ್ಲೋ ಇದೆ. ನಿಮ್ಮ ಎಂಸಿಬಿ ಬಿದ್ದಿದೆಯಾ ನೋಡಿ. ಬಿದ್ದಿಲ್ಲದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಜನರೇಟರ್ ಬೇಕಾಗದೆಯೇ ಇರಬಹುದು.

ಎರಡು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಇವೆರಡೂ ಜೀವ ತೆಗೆಯುತ್ತವೆ.

ಮೊದಲನೆಯದು ಹೊಗೆ. ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಪಡಸಾಲೆ, ದನ ಕಟ್ಟುವ ಜಾಗ, ಜಿನೆ ಕೆಳಗಿನ ಗೂಡು, ಅರ್ಧ ಶಟರ್ ಎತ್ತಿದ ಗ್ಯಾರೇಜ್, ಇವು ಯಾವುವೂ ಸರಿಯಾದ ಜಾಗ ಅಲ್ಲ. ಕಿಟಕಿ ಬಾಗಿಲು ತೆಗೆದಿಟ್ಟರೂ ಸಾಲದು. ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಲ್ಲಿ ಇಡಿ. ಸೈಲೆನ್ಸರ್ ಬಾಯಿ ನಿಮ್ಮ ಕಿಟಕಿಗೂ ಪಕ್ಕದವರ ಕಿಟಕಿಗೂ ಮುಖ ಮಾಡಿರಬಾರದು. ಮನೆಯವರಿಗೆ ಒಟ್ಟಿಗೇ ತಲೆನೋವು, ತಲೆ ಸುತ್ತು, ವಾಕರಿಕೆ ಶುರುವಾದರೆ ತಕ್ಷಣ ಎಲ್ಲರೂ ಬಯಲಿಗೆ ಬನ್ನಿ. 108ಕ್ಕೆ ಫೋನ್ ಮಾಡಿ. ಜನರೇಟರ್ ಬಂದ್ ಮಾಡಲು ಮತ್ತೆ ಆ ಹೊಗೆಯೊಳಗೆ ಹೋಗಬೇಡಿ.

ಎರಡನೆಯದು ಎರಡೂ ತುದಿಗೆ ಪಿನ್ ಇರುವ ವೈರ್. ಜನರೇಟರ್‌ನಿಂದ ಮನೆಯ ಪ್ಲಗ್ ಪಾಯಿಂಟಿಗೆ ಹಾಗೇ ವೈರ್ ಚುಚ್ಚುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಮೇನ್ ಆಫ್ ಮಾಡುವುದು ಮರೆತರೆ ನಿಮ್ಮ ಕರೆಂಟ್ ವಾಪಸ್ ಲೈನಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣ ಹೋಗುತ್ತದೆ. ಮನೆಯನ್ನು ಲೈನ್ ಅಥವಾ ಜನರೇಟರ್ ಇವೆರಡರಲ್ಲಿ ಒಂದಕ್ಕೇ ಜೋಡಿಸುವ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದು ಬರುವವರೆಗೆ ಫ್ರಿಜ್, ಫ್ಯಾನ್‌ಗಳನ್ನು ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ನೇರವಾಗಿ ಜನರೇಟರ್‌ಗೆ ಹಾಕಿಕೊಳ್ಳಿ.

ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ

ಹೆಚ್ಚಿನ ದೂರು ಇದೇ. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ.

ಇಂಜಿನ್ ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಕಾಕ್ ತೆರೆದಿದೆಯಾ? ಇಂಜಿನ್ ತಣ್ಣಗಿದ್ದರೆ ಚೋಕ್ ಎಳೆದಿದ್ದೀರಾ? ಬಿಸಿಯಿದ್ದರೆ ಚೋಕ್ ಬೇಡ. ಲೋಡ್ ಎಲ್ಲ ತೆಗೆದಿದ್ದೀರಾ? ಸುಲಭದ ಪ್ರಶ್ನೆಗಳು ನಿಜ, ಆದರೆ ಕತ್ತಲಲ್ಲಿ ಟಾರ್ಚ್ ಹಿಡಿದು ಗಡಿಬಿಡಿಯಲ್ಲಿ ಇರುವಾಗ ತಪ್ಪುವುದು ಇವೇ.

ನಂತರ ಆಯಿಲ್. ಈಗಿನ ಬಹಳಷ್ಟು ಮಷಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ತಡೆಯುವ ಸೆನ್ಸರ್ ಇರುತ್ತದೆ. ಹಗ್ಗ ಎಳೆಯುವಾಗ ಸಣ್ಣ ಕೆಂಪು ದೀಪ ಮಿನುಗಿದರೆ ಅದರ ಅರ್ಥ ಇದೇ. ನೆಲ ಓರೆಯಿದ್ದರೂ ಸೆನ್ಸರ್ ಮೋಸಹೋಗುತ್ತದೆ. ಅಂಗಳದ ಇಳಿಜಾರಿನಲ್ಲಿ ಇಟ್ಟಿದ್ದರೆ ಸಮ ಜಾಗಕ್ಕೆ ತಂದು ಮತ್ತೆ ನೋಡಿ. ಈ ಸಣ್ಣ ಇಂಜಿನ್‌ಗಳು ಒಟ್ಟು ಹಿಡಿಯುವುದೇ ಅರ್ಧದಿಂದ ಒಂದು ಲೀಟರ್ ಆಸುಪಾಸು. ಅದರಲ್ಲಿ 100 ಎಂಎಲ್ ಕಡಿಮೆಯಾದರೂ ದೊಡ್ಡ ವ್ಯತ್ಯಾಸ.

ಆಮೇಲೆ ಪೆಟ್ರೋಲ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಕಬ್ಬಿನಿಂದ ಎಥೆನಾಲ್ ಮಾಡುವ ಘಟಕಗಳೂ ಇವೆ. ಬೆಳೆಗಾರನಿಗೆ ಅದು ಒಳ್ಳೆಯದೇ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ಬೇಗ ಖರ್ಚಾಗುತ್ತದೆ. ತಿಂಗಳುಗಟ್ಟಲೆ ನಿಂತ ಜನರೇಟರ್‌ನಲ್ಲಿ ಹಾಗಲ್ಲ. ಎಥೆನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಜಾಸ್ತಿಯಾದರೆ ನೀರು ಮತ್ತು ಎಥೆನಾಲ್ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್‌ಗೆ ಪೆಟ್ರೋಲ್ ಹೋಗುವುದೂ ತಳದಿಂದಲೇ, ಅಲ್ವಾ? ಬೆಳಗಾವಿಯ ಮಳೆಗಾಲದಲ್ಲಿ ಈ ತೊಂದರೆ ಜಾಸ್ತಿ. ವಿಜಯಪುರದ ಬಿಸಿಲಿನಲ್ಲಿ ತೊಂದರೆ ಬೇರೆ ಥರದ್ದು: ಪೆಟ್ರೋಲ್‌ನ ಹಗುರ ಅಂಶ ಆರಿಹೋಗಿ, ಉಳಿದದ್ದು ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೋರೇಟರ್‌ನಲ್ಲಿ ಅಂಟಾಗಿ ಕೂರುತ್ತದೆ.

ಪರೀಕ್ಷೆ ಹೀಗೆ. ಕಾರ್ಬೋರೇಟರ್ ತಳದ ಬಟ್ಟಲಿಗೆ ಒಂದು ಡ್ರೈನ್ ಬೋಲ್ಟ್ ಇರುತ್ತದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಹತ್ತಿರ ಬೆಂಕಿ, ಬೀಡಿ, ದೀಪ ಏನೂ ಇಲ್ಲದಾಗ, ಗಾಜಿನ ಬಾಟಲಿಯಲ್ಲಿ ಸ್ವಲ್ಪ ಇಳಿಸಿ. ಹೊಸ ಪೆಟ್ರೋಲ್ ವಾಸನೆ ಬಂದು, ತಿಳಿಯಾಗಿದ್ದರೆ ಸರಿ. ಬಾಟಲಿಯ ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಕಂದು ಬಣ್ಣ, ಹುಳಿ ವಾಸನೆ ಇದ್ದರೆ ಹಳತಾಗಿದೆ. ಎರಡರಲ್ಲೂ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಹಳೆಯದರ ಮೇಲೆ ಹೊಸದನ್ನು ಸುರಿದರೆ ಪ್ರಯೋಜನ ಇಲ್ಲ. ತೆಗೆದ ಪೆಟ್ರೋಲನ್ನು ಗಟಾರಕ್ಕೆ ಚೆಲ್ಲಬೇಡಿ, ಗ್ಯಾರೇಜಿನವರಿಗೆ ಕೊಡಿ. ಬೋಲ್ಟ್ ತೆಗೆದು ಕಾಕ್ ತೆರೆದರೂ ಒಂದು ಹನಿಯೂ ಬಾರದಿದ್ದರೆ ಕಾಕ್‌ನ ಜಾಲರಿಯೋ ಪೆಟ್ರೋಲ್ ಪೈಪೋ ಕಟ್ಟಿಕೊಂಡಿದೆ.

ಇಷ್ಟಾದ ಮೇಲೆ ಪ್ಲಗ್ ಬಿಚ್ಚಿ. ಪ್ಲಗ್‌ನ ತುದಿ ಬಹಳ ವಿಷಯ ಹೇಳುತ್ತದೆ.

- ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಒರೆಸಿ, ಒಣಗಿಸಿ. ಪ್ಲಗ್ ಮತ್ತೆ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ ಹಗ್ಗವನ್ನು ನಾಲ್ಕೈದು ಸಲ ಎಳೆಯಿರಿ. ನಂತರ ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ.
- ಪೂರ್ತಿ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಕಾಕ್, ಪೈಪ್, ಕಾರ್ಬೋರೇಟರ್ ಕಡೆ ಹೋಗಿ.
- ಒಣ ಮಸಿ ಹಿಡಿದಿದ್ದರೆ ಗಾಳಿ ಸಾಲುತ್ತಿಲ್ಲ, ಅಥವಾ ಚೋಕ್ ಹಾಗೇ ಬಿಟ್ಟು ಓಡಿಸಿದ್ದೀರಿ. ಏರ್ ಫಿಲ್ಟರ್ ನೋಡಿ.
- ಜಿಡ್ಡು ಜಿಡ್ಡಾದ ಕಪ್ಪು ಇದ್ದರೆ ಆಯಿಲ್ ಒಳಗೆ ಬರುತ್ತಿದೆ. ಅತಿಯಾಗಿ ಆಯಿಲ್ ತುಂಬಿದ್ದೀರಾ ನೋಡಿ. ಇಲ್ಲದಿದ್ದರೆ ಮೆಕ್ಯಾನಿಕ್ ಕೆಲಸ.
- ತಿಳಿ ಕಂದು ಬಣ್ಣ ಇದ್ದರೆ ಪ್ಲಗ್ ಆರೋಗ್ಯವಾಗಿದೆ.

ಹೊಸ ಪ್ಲಗ್‌ಗೆ ಹೆಚ್ಚು ಖರ್ಚಿಲ್ಲ. ಅದೇ ನಂಬರಿನ ಒಂದು ಪ್ಲಗ್ ಮತ್ತು ಪ್ಲಗ್ ಪಾನ ಮನೆಯಲ್ಲಿ ಇರಲೇಬೇಕು. ಹೊಸ ಪ್ಲಗ್, ಹೊಸ ಪೆಟ್ರೋಲ್, ಸರಿಯಾದ ಆಯಿಲ್ ಮೂರೂ ಇದ್ದು ಇನ್ನೂ ಏಳದಿದ್ದರೆ ಕಾರ್ಬೋರೇಟರ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಂಡಿರಬಹುದು, ಅಥವಾ ಕಿಡಿ ಕೊಡುವ ಕಾಯಿಲ್ ಹೋಗಿರಬಹುದು. ಇಲ್ಲಿ ನಿಲ್ಲಿಸಿ. ಮತ್ತೆ ಮತ್ತೆ ಎಳೆದರೆ ಹಗ್ಗ ಹರಿಯುತ್ತದೆ, ಭುಜ ಹಿಡಿದುಕೊಳ್ಳುತ್ತದೆ, ಅಷ್ಟೇ. ಹಗ್ಗ ಎಳೆಯಲಿಕ್ಕೇ ಬಾರದಷ್ಟು ಬಿಗಿಯಾಗಿದ್ದರೆ ಜೋರು ಮಾಡಲೇಬೇಡಿ. ಒಳಗೆ ಏನೋ ಹಿಡಿದುಕೊಂಡಿದೆ.

ಸ್ಟಾರ್ಟ್ ಆಗಿ ಐದು ಹತ್ತು ನಿಮಿಷಕ್ಕೆ ನಿಲ್ಲುತ್ತದೆ

ಮೊದಲು ಟ್ಯಾಂಕಿನ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಆಡಲು ಸಣ್ಣ ರಂಧ್ರ ಇರುತ್ತದೆ. ಕೆಲವು ಮಷಿನ್‌ಗಳಲ್ಲಿ ಆನ್-ಆಫ್ ಮಾಡುವ ತಿರುಪೂ ಇರುತ್ತದೆ. ರಂಧ್ರ ಮುಚ್ಚಿದ್ದರೆ ಪೆಟ್ರೋಲ್ ಇಳಿಯುತ್ತಾ ಇಳಿಯುತ್ತಾ ಟ್ಯಾಂಕಿನೊಳಗೆ ನಿರ್ವಾತ ಆಗಿ, ಹರಿಯುವುದು ನಿಲ್ಲುತ್ತದೆ. ಮಷಿನ್ ನಿಂತ ಮೇಲೆ, ಸ್ವಲ್ಪ ತಣ್ಣಗಾಗಲು ಬಿಟ್ಟು, ಮುಚ್ಚಳ ಸಡಿಲ ಮಾಡಿ. ಒಳಕ್ಕೆ ಗಾಳಿ ನುಗ್ಗಿದ ಸದ್ದು ಬಂದರೆ ಕಾರಣ ಸಿಕ್ಕಿತು. ಜೋಳದ ರಾಶಿಯ ಧೂಳು ಈ ರಂಧ್ರಕ್ಕೆ ಸಾಕು. ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುವುದೂ ಉಂಟು. ಸೈಲೆನ್ಸರ್ ಬಾಯಿಯನ್ನೂ ಅದೇ ಕಣ್ಣಿನಿಂದ ನೋಡಿ.

ಮುಚ್ಚಳ ಸರಿಯಿದ್ದರೆ ಮತ್ತೆ ಆಯಿಲ್ ಮಟ್ಟ, ನಂತರ ಪೆಟ್ರೋಲ್ ಜಾಲರಿ. ಇಂಜಿನ್ ಸುತ್ತಲಿನ ತಂಪಾಗುವ ರೆಕ್ಕೆಗಳಲ್ಲಿ ಹುಲ್ಲು, ಧೂಳು ತುಂಬಿದ್ದರೂ ಬಿಸಿಯೇರಿ ನಿಲ್ಲುತ್ತದೆ. ಬಿಸಿಲು 40 ಡಿಗ್ರಿ ದಾಟಿದ ದಿನ ಇದು ಬೇಗ ಆಗುತ್ತದೆ. ಮಳೆ ಬಿಸಿಲಿಗೆ ಮೇಲೆ ತಗಡಿನ ಆಸರೆ ಬೇಕು, ಸುತ್ತ ಮಾತ್ರ ತೆರೆದಿರಬೇಕು. ಓಡುತ್ತಿರುವ ಜನರೇಟರ್ ಮೇಲೆ ತಾಡಪಾಲ ಹೊದಿಸಬೇಡಿ.

ಇಂಜಿನ್ ಸದ್ದು ಏರಿಳಿತ, ಲೈಟ್ ಮಿನುಗುತ್ತದೆ

ಸದ್ದು ಒಂದೇ ಲಯದಲ್ಲಿ ಏರಿ ಇಳಿಯುತ್ತಿದ್ದರೆ, ಚೋಕ್ ಅರ್ಧ ಎಳೆದು ನೋಡಿ. ಏರಿಳಿತ ನಿಂತರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಕಾರ್ಬೋರೇಟರ್ ಸ್ವಚ್ಛ ಮಾಡಿಸಬೇಕು. ಚೋಕ್ ಅರ್ಧ ಎಳೆದೇ ದಿನವಿಡೀ ಓಡಿಸುವುದು ಪರಿಹಾರ ಅಲ್ಲ, ಪ್ಲಗ್ ಮಸಿ ಹಿಡಿಯುತ್ತದೆ.

ಮಲ್ಟಿಮೀಟರ್ ಇದ್ದು, ಬಳಸಲು ಗೊತ್ತಿದ್ದರೆ ಔಟ್‌ಪುಟ್ ಅಳೆಯಿರಿ. 230 ವೋಲ್ಟ್ ಆಸುಪಾಸು ಇರಬೇಕು. 207ಕ್ಕಿಂತ ಕೆಳಗೆ ಅಥವಾ 253ಕ್ಕಿಂತ ಮೇಲೆ ಹೋದರೆ ಟಿವಿ, ಫ್ರಿಜ್ ಬೇಡವೇ ಬೇಡ. ಸಾಮಾನ್ಯ ಜನರೇಟರ್‌ಗಳು ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಸ್ ಕೊಡುತ್ತವೆ. ಸುತ್ತು ತಪ್ಪಿದರೆ ವೋಲ್ಟೇಜ್, ಹರ್ಟ್ಸ್ ಎರಡೂ ತಪ್ಪುತ್ತವೆ. ಇಂಜಿನ್ ವೇಗ ಕಾಪಾಡುವ ಗವರ್ನರ್ ಸ್ಪ್ರಿಂಗನ್ನು ಅಂದಾಜಿನ ಮೇಲೆ ಎಳೆದು ಸರಿ ಮಾಡುವವರು ಇದ್ದಾರೆ. ಅದರಿಂದ ವೋಲ್ಟೇಜ್ ಏರಿ ಮನೆಯ ಸಾಮಾನು ಸುಡುತ್ತದೆ. ಮೀಟರ್ ಇಟ್ಟುಕೊಂಡು ಮಾಡುವವರಿಗೇ ಬಿಡಿ.

ಇಂಜಿನ್ ಚೆನ್ನಾಗಿ ಓಡುತ್ತದೆ, ಕರೆಂಟ್ ಇಲ್ಲ

ಪ್ಯಾನೆಲ್ ಮೇಲಿನ ಎಂಸಿಬಿ ನೋಡಿ. ಬಿದ್ದಿದ್ದರೆ ಲೋಡ್ ಎಲ್ಲ ತೆಗೆದು ಎತ್ತಿ. ಲೋಡ್ ಇಲ್ಲದೆಯೂ ಮತ್ತೆ ಬಿದ್ದರೆ ಒಳಗೆ ದೋಷ ಇದೆ, ನಿಲ್ಲಿಸಿ. ಇನ್ವರ್ಟರ್ ಮಾದರಿಯ ಸಣ್ಣ ಜನರೇಟರ್ ಆದರೆ ಓವರ್‌ಲೋಡ್ ದೀಪ ಹತ್ತಿರಬಹುದು. ಇಂಜಿನ್ ಪೂರ್ತಿ ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೇ ಅದು ಸರಿಹೋಗುವುದು. ನಂತರ ಜನರೇಟರ್‌ನ ಸಾಕೆಟ್‌ಗೆ ನೇರವಾಗಿ ಒಂದು ಬಲ್ಬ್ ಹಾಕಿ ನೋಡಿ. ಬಲ್ಬ್ ಹತ್ತಿದರೆ ತೊಂದರೆ ನಿಮ್ಮ ವೈರಿನಲ್ಲೋ ಚೇಂಜ್‌ಓವರ್‌ನಲ್ಲೋ ಇದೆ. ಹತ್ತದಿದ್ದರೆ ಜನರೇಟರ್ ಒಳಗೆ.

ಒಳಗೆ ಎಂದಾದರೆ ಕಾರಣ ಕಾರ್ಬನ್ ಬ್ರಷ್ ಸವೆದಿರಬಹುದು, ವೋಲ್ಟೇಜ್ ಕಾಪಾಡುವ ಎವಿಆರ್ ಹೋಗಿರಬಹುದು, ಕೆಪಾಸಿಟರ್ ಹೋಗಿರಬಹುದು. ಬಹಳ ದಿನ ನಿಂತಿದ್ದರೆ ರೋಟರ್‌ನಲ್ಲಿ ಉಳಿದಿರಬೇಕಾದ ಸ್ವಲ್ಪ ಕಾಂತಶಕ್ತಿ ಕಳೆದುಹೋಗಿರಬಹುದು. ಬ್ಯಾಟರಿ ತಾಗಿಸಿ ಅದನ್ನು ಎಬ್ಬಿಸುವ ವಿದ್ಯೆ ವೈಂಡಿಂಗ್‌ನವರಿಗೆ ಗೊತ್ತು. ನೀವು ಪ್ರಯತ್ನಿಸಬೇಡಿ, ತಪ್ಪು ತಂತಿಗೆ ತಾಗಿದರೆ ಎವಿಆರ್ ಸುಡುತ್ತದೆ. ಕೆಪಾಸಿಟರ್ ಅಂತೂ ಮಷಿನ್ ಬಂದ್ ಆದ ಮೇಲೂ ಶಾಕ್ ಹೊಡೆಯುತ್ತದೆ.

ಜನರೇಟರ್ ಓಡುತ್ತಿದೆ, ಮನೆಯ ಇನ್ವರ್ಟರ್ ಮಾತ್ರ ಚಾರ್ಜ್ ಆಗುತ್ತಿಲ್ಲ

ಇದು ಬಹಳ ಮನೆಗಳಲ್ಲಿ ತಲೆಕೆಡಿಸುವ ಸಂಗತಿ. ಜನರೇಟರ್ ಕೆಟ್ಟಿದೆ ಎಂದು ಹೊತ್ತುಕೊಂಡು ಹೋಗುತ್ತಾರೆ. ಅಂಗಡಿಯಲ್ಲಿ ಅದು ಚೆನ್ನಾಗೇ ಓಡುತ್ತದೆ.

ಇನ್ವರ್ಟರ್ ಒಳಬರುವ ಕರೆಂಟನ್ನು ಮೊದಲು ಪರೀಕ್ಷಿಸುತ್ತದೆ. ವೋಲ್ಟೇಜ್, ಹರ್ಟ್ಸ್ ತನ್ನ ಮಿತಿಯಲ್ಲಿ ಇಲ್ಲದಿದ್ದರೆ ಕರೆಂಟೇ ಇಲ್ಲ ಎಂದುಕೊಂಡು ಬ್ಯಾಟರಿ ಮೇಲೇ ಓಡುತ್ತದೆ. ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಎರಡು ಸ್ಥಾನದ ಸ್ವಿಚ್ ಇರುತ್ತದೆ. ಒಂದು ಯುಪಿಎಸ್ ಮೋಡ್, ಅದರಲ್ಲಿ ಮಿತಿ ಬಿಗಿ, ಸುಮಾರು 180ರಿಂದ 260 ವೋಲ್ಟ್. ಇನ್ನೊಂದು ಸಾಮಾನ್ಯ ಮೋಡ್, ಅದರಲ್ಲಿ ಮಿತಿ ಸಡಿಲ. ಜನರೇಟರ್ ಓಡಿಸುವಾಗ ಸಾಮಾನ್ಯ ಮೋಡ್‌ಗೆ ಹಾಕಿ. ಇಷ್ಟಕ್ಕೇ ಬಹಳ ಸಲ ಸರಿಹೋಗುತ್ತದೆ. ಕಂಪ್ಯೂಟರ್ ಇದ್ದರೆ ಅದನ್ನು ಆಗ ಬಂದ್ ಮಾಡಿಡುವುದು ಒಳ್ಳೆಯದು.

ಖಾಲಿಯಾದ 150 ಎಎಚ್ ಬ್ಯಾಟರಿ ಚಾರ್ಜ್ ಆಗುವಾಗ 200-300 ವ್ಯಾಟ್ ಎಳೆಯುತ್ತದೆ. ಅದನ್ನೂ ಲೋಡ್ ಲೆಕ್ಕದಲ್ಲಿ ಸೇರಿಸಿ.

ಮೋಟರ್ ಹಾಕಿದ ಕೂಡಲೇ ಇಂಜಿನ್ ಕುಸಿಯುತ್ತದೆ

ಇದು ಮಷಿನ್ ದೋಷಕ್ಕಿಂತ ಆಯ್ಕೆಯ ದೋಷ ಆಗಿರುವುದೇ ಜಾಸ್ತಿ. ಕೊಳ್ಳುವಾಗ ಮಾಡಬೇಕಾದ ಲೆಕ್ಕ ಇಲ್ಲೇ ಹೇಳುತ್ತೇನೆ.

ಜನರೇಟರ್ ಮೇಲೆ ಕೆವಿಎ ಬರೆದಿರುತ್ತದೆ. ಅದನ್ನು 0.8ರಿಂದ ಗುಣಿಸಿದರೆ ಹೆಚ್ಚುಕಡಿಮೆ ಕಿಲೋವ್ಯಾಟ್ ಸಿಗುತ್ತದೆ. 2 ಕೆವಿಎ ಎಂದರೆ 1600 ವ್ಯಾಟ್. ನಾಲ್ಕು ಫ್ಯಾನ್‌ಗೆ 300, ಲೈಟ್‌ಗಳಿಗೆ 100, ಟಿವಿಗೆ 100, ಫ್ರಿಜ್‌ಗೆ 150 ಎಂದು ಹಿಡಿಯಿರಿ. ಒಟ್ಟು 650. ಆದರೆ ಫ್ರಿಜ್ ಏಳುವ ಕ್ಷಣದಲ್ಲಿ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಅದಕ್ಕೂ 2 ಕೆವಿಎ ತಡೆಯುತ್ತದೆ. 1 ಎಚ್‌ಪಿ ಪಂಪ್ ಕಥೆ ಬೇರೆ. ಓಡುವಾಗ ಸುಮಾರು 1100 ವ್ಯಾಟ್, ಏಳುವಾಗ ಅದರ ಹಲವು ಪಟ್ಟು. ಅದಕ್ಕೆ 5 ಕೆವಿಎ ಇದ್ದರೆ ನಿಶ್ಚಿಂತೆ. ಗೀಸರ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಇವನ್ನು ಮನೆ ಜನರೇಟರ್ ಮೇಲೆ ಹಾಕುವುದು ಬೇಡ.

ಇನ್ನೊಂದು ಕಡಿತವೂ ಇದೆ. ಎತ್ತರ ಏರಿದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಇಂಜಿನ್ ಶಕ್ತಿ ಸುಮಾರು ಶೇ 3.5 ಕಡಿಮೆಯಾಗುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ವಿಜಯಪುರ ಸುಮಾರು 600 ಮೀಟರ್. ಬೇಸಿಗೆಯ ಬಿಸಿ ಇನ್ನಷ್ಟು ಕಸಿಯುತ್ತದೆ. ಹಾಗಾಗಿ ಲೆಕ್ಕಕ್ಕೆ ಬಂದ ಅಂಕಿಗಿಂತ ಕಾಲು ಭಾಗ ಜಾಸ್ತಿ ತಾಕತ್ತಿನ ಮಷಿನ್ ಕೊಳ್ಳಿ. ಕರೆಂಟ್ ಹೋಗುವುದು ಎರಡು ಮೂರು ತಾಸು ಮಾತ್ರ, ಬೇಕಿರುವುದು ಲೈಟ್ ಫ್ಯಾನ್ ಮಾತ್ರ ಎಂದಾದರೆ ನನ್ನ ಸಲಹೆ ಒಂದೇ: ಇನ್ವರ್ಟರ್ ತಗೊಳ್ಳಿ, ಜನರೇಟರ್ ಬೇಡ.

ಈಗಾಗಲೇ ಸಣ್ಣ ಮಷಿನ್ ಇದ್ದರೆ ಮೊದಲು ಪಂಪ್ ಒಂದನ್ನೇ ಹಾಕಿ, ಅದು ಏಳುತ್ತದಾ ನೋಡಿ. ಎದ್ದು ಸ್ಥಿರವಾದ ಮೇಲೆ ಉಳಿದದ್ದನ್ನು ಒಂದೊಂದಾಗಿ ಹಾಕಿ. ಇಕೋ ಸ್ವಿಚ್ (ಲೋಡ್ ಕಡಿಮೆಯಿದ್ದಾಗ ಇಂಜಿನ್ ವೇಗ ಇಳಿಸುವುದು) ಇದ್ದರೆ ಪಂಪ್ ಹಾಕುವಾಗ ಆಫ್ ಇರಲಿ. ಪಂಪ್ ಗುಂಯ್ ಎಂದು ನರಳಿ ತಿರುಗದಿದ್ದರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಅದರ ವೈಂಡಿಂಗ್ ಸುಡುತ್ತದೆ. ಉದ್ದನೆಯ ತೆಳು ವೈರೂ ವೋಲ್ಟೇಜ್ ತಿನ್ನುತ್ತದೆ. 2 ಕೆವಿಎಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಡಿಸಿಯೇ ಬಳಸಿ.

ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಚೋಕ್ ಬಿಟ್ಟಿಲ್ಲ, ಏರ್ ಫಿಲ್ಟರ್ ಕಟ್ಟಿದೆ, ಅಥವಾ ಲೋಡ್ ಜಾಸ್ತಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಗಾಡಿಯಲ್ಲಿ ಮಲಗಿಸಿ ತಂದಿದ್ದರೆ ಸ್ವಲ್ಪ ಹೊತ್ತು ಹೀಗಾಗಿ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ಮೆಕ್ಯಾನಿಕ್ ಬೇಕು.

ಮುಟ್ಟಿದರೆ ಜುಂ ಅನ್ನುತ್ತದೆ, ಸುಟ್ಟ ವಾಸನೆ, ಪೆಟ್ರೋಲ್ ಸೋರಿಕೆ

ಇಲ್ಲಿ ಪರೀಕ್ಷೆ ಇಲ್ಲ. ಬಂದ್ ಮಾಡಿ, ದೂರ ಸರಿಯಿರಿ, ತಿಳಿದವರನ್ನು ಕರೆಯಿರಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಜನರೇಟರ್ ಮುಟ್ಟಬೇಡಿ. ಅರ್ಥಿಂಗ್ ಮಾಡಿಸಿ. ಓಡುವಾಗ ಅಥವಾ ಬಿಸಿಯಿರುವಾಗ ಪೆಟ್ರೋಲ್ ಹಾಕಬೇಡಿ. ಸೈಲೆನ್ಸರ್ ಮೇಲೆ ಚೆಲ್ಲಿದರೆ ಹೊತ್ತಿಕೊಳ್ಳುತ್ತದೆ. ಕನಿಷ್ಠ ಹದಿನೈದು ನಿಮಿಷ ತಣ್ಣಗಾಗಲಿ.

ಡೀಸೆಲ್ ಮಷಿನ್ ಇದ್ದರೆ

ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಡೀಸೆಲ್ ತುಂಬಿದರೂ ಗಾಳಿ ತೆಗೆಯದೆ ಏಳುವುದಿಲ್ಲ. ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ಇದು ಸಣ್ಣ ಕೆಲಸ. ಸೆಲ್ಫ್ ತಿರುಗದಿದ್ದರೆ ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿ ಒರೆಸಿ, ಬಿಗಿ ಮಾಡಿ ನೋಡಿ.

ಕೆಡದಂತೆ ನೋಡಿಕೊಳ್ಳುವುದು

ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಓಡಿಸಿ. ಬರೀ ಓಡಿಸಿದರೆ ಸಾಲದು, ಫ್ಯಾನ್, ಫ್ರಿಜ್ ಹಾಕಿ ಲೋಡ್ ಕೊಡಿ. ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಹಾಗೆ ಮಾಡಿದರೆ ಕಾರ್ಬೋರೇಟರ್ ಬಟ್ಟಲು ಖಾಲಿಯಾಗುತ್ತದೆ, ಜೆಟ್ ಕಟ್ಟುವುದಿಲ್ಲ. ಇದೊಂದು ಅಭ್ಯಾಸ ಇದ್ದರೆ ಮೇಲೆ ಹೇಳಿದ ಅರ್ಧ ತೊಂದರೆ ಬರುವುದೇ ಇಲ್ಲ.

ಹೊಸ ಮಷಿನ್‌ಗೆ ಮೊದಲ ಆಯಿಲ್ ಬದಲಾವಣೆ ಸುಮಾರು 20 ತಾಸಿಗೆ. ಆಮೇಲೆ 100 ತಾಸಿಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಅದಕ್ಕೆ. ನಮ್ಮ ಧೂಳಿಗೆ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ತೊಳೆಯಬೇಕು. ಸ್ಪಂಜಿನ ಫಿಲ್ಟರ್ ಆದರೆ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಇಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಿ. ಕಾಗದದ ಫಿಲ್ಟರ್ ತೊಳೆಯಬಾರದು, ಬದಲಿಸಬೇಕು. ಫಿಲ್ಟರ್ ಇಲ್ಲದೆ ಒಂದು ದಿನವೂ ಓಡಿಸಬೇಡಿ. ಕರಿಮಣ್ಣಿನ ಧೂಳು ಸಿಲಿಂಡರ್ ಗೋಡೆಯನ್ನೇ ಸವೆಸುತ್ತದೆ.

ಕೊನೆಗೂ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕಾಗಿ ಬಂದರೆ, "ಅಣ್ಣಾ, ಜನರೇಟರ್ ಚಾಲೂ ಆಗ್ವಲ್ದು" ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಪ್ಲಗ್ ಒದ್ದೆಯೋ ಒಣಗಿದೆಯೋ, ಪೆಟ್ರೋಲ್ ಯಾವಾಗ ಹಾಕಿದ್ದು, ಆಯಿಲ್ ಎಷ್ಟಿದೆ, ನಿಲ್ಲುವ ಮೊದಲು ಯಾವ ಲೋಡ್ ಇತ್ತು, ಮಷಿನ್ ಮಾದರಿ ಯಾವುದು ಎಂದು ಹೇಳಿ. ಬರುವಾಗ ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ, ಎರಡನೇ ಸಲ ಬರುವ ಖರ್ಚು ಉಳಿಯುತ್ತದೆ.